ಅಂಗೈ ಪಂಡಿತರೂ ಅಂಗಾಲಿನ ಅರಿವೂ



ಪುರೋಹಿತ ಸತ್ತಿಲ್ಲ. ಜುಟ್ಟು ಕತ್ತರಿಸಿಕೊಂಡು ಫೋನಿನೊಳಗೆ ಹೊಕ್ಕಿದ್ದಾನೆ, ಅಷ್ಟೆ. ಹಿಂದೆ ಪಂಚಾಂಗ ಬಿಚ್ಚಿ ಯಾವಾಗ ಬಿತ್ತಬೇಕು, ಯಾವ ದಿಕ್ಕಿಗೆ ಹೋಗಬಾರದು, ಯಾರನ್ನು ಮುಟ್ಟಬಾರದು ಎಂದು ಹೇಳುತ್ತಿದ್ದವನು ಈಗ ಕಿವಿಗೊಂದು ವೈರು ಸಿಕ್ಕಿಸಿಕೊಂಡು, ಬೆನ್ನ ಹಿಂದೆ ಪುಸ್ತಕದ ಕಪಾಟು ನಿಲ್ಲಿಸಿಕೊಂಡು, ತೊಗರಿಯಿಂದ ಹಿಡಿದು ಮೀಸಲಾತಿಯವರೆಗೆ, ಭೀಮಾ ನದಿಯಿಂದ ಹಿಡಿದು ಭೀಮರಾವ್ ಅಂಬೇಡ್ಕರರವರೆಗೆ ಎಲ್ಲದಕ್ಕೂ ಹತ್ತು ನಿಮಿಷದಲ್ಲಿ ಪರಿಹಾರ ಹೇಳುತ್ತಿದ್ದಾನೆ. ಪಂಚಾಂಗದವನಿಗೆ ಒಂದು ಸೇರು ಜೋಳ ಕೊಟ್ಟರೆ ಎದ್ದು ಹೋಗುತ್ತಿದ್ದ. ಇವನಿಗೆ ನಮ್ಮ ಕಣ್ಣು ಬೇಕು. ಎಷ್ಟು ಕಣ್ಣು ತನ್ನ ಮೇಲೆ ಬಿದ್ದವು ಎಂಬ ಲೆಕ್ಕದ ಮೇಲೆ ಅವನ ಗಳಿಕೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ನಮ್ಮ ಜಗಳ ಫೋನಿನೊಡನೆ ಅಲ್ಲ. ಕೇರಿಯ ಹುಡುಗನ ಕೈಗೆ ಅದು ಬಂದ ಮೇಲೆ ಎಷ್ಟೋ ಊರುಗಳಲ್ಲಿ ದೊಡ್ಡವರ ಕೈ ಮೇಲೇಳುವ ಮುಂಚೆ ಎರಡು ಸಲ ಯೋಚಿಸುತ್ತದೆ. ಮುಂಬಯಿಗೋ ಪುಣೆಗೋ ದುಡಿಯಲು ಹೋದ ಮಗನ ಮುಖವನ್ನು ತಾಯಿ ರಾತ್ರಿ ಉಣ್ಣುವ ಹೊತ್ತಿಗೆ ನೋಡುವಂತಾಗಿದೆ. ಇದು ಸಣ್ಣ ಮಾತಲ್ಲ. ಜಗಳ ಇರುವುದು, ಅಂಗೈಯಗಲದ ಗಾಜಿನಲ್ಲಿ ಲೋಕವನ್ನೆಲ್ಲ ಕಂಡೆವೆಂದು ನಂಬಿಸುವವರೊಡನೆ. ಹೇಳಿದ್ದು ಸುಳ್ಳಾದರೂ ತಮ್ಮ ಮನೆಯ ಒಲೆ ಆರದ ಜಾಗದಲ್ಲಿ ಕುಳಿತು ನಮಗೆ ಬುದ್ಧಿ ಹೇಳುವವರೊಡನೆ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳ ಸಂಗತಿಯನ್ನಷ್ಟೇ ಇಟ್ಟುಕೊಂಡು ಮಾತಾಡುತ್ತೇವೆ. ದೂರದ ಲೋಕದ ಬಗ್ಗೆ ಮಾತಾಡಲು ಅವರಿದ್ದಾರಲ್ಲ.

2022ರ ಮುಂಗಾರಿನ ತೊಗರಿಯನ್ನು ನೆನೆಯಿರಿ. ಕಲಬುರಗಿ ಸೀಮೆಗೆ ತೊಗರಿಯ ಕಣಜವೆಂದು ಹೆಸರು. 2019ರಲ್ಲಿ ಇಲ್ಲಿನ ತೊಗರಿಬೇಳೆಗೆ ಭೌಗೋಳಿಕ ಗುರುತಿನ ಮುದ್ರೆಯೂ ಸಿಕ್ಕಿತು. ಆ ವರ್ಷ ಹೂವಾಗಿ ಕಾಯಿ ಹಿಡಿಯುವ ಹೊತ್ತಿಗೆ ಹೊಲಗಟ್ಟಲೆ ತೊಗರಿ ನಿಂತಲ್ಲೇ ಒಣಗಿತು. ನೆಟೆ ರೋಗ. ನೆಟೆಯ ಶಿಲೀಂಧ್ರ ಮಣ್ಣಿನಲ್ಲಿ ಇರುವಂಥದು. ಬೇರಿನಿಂದ ಒಳಹೊಕ್ಕು ಗಿಡ ನೀರು ಏರಿಸಿಕೊಳ್ಳುವ ನಾಳವನ್ನೇ ಕಟ್ಟಿಬಿಡುತ್ತದೆ. ಕಾಂಡ ಸೀಳಿ ನೋಡಿದರೆ ಒಳಗೆ ಕರಿ ಗೀರು ಎಳೆದಂತೆ ಕಾಣುತ್ತದೆ. ಗಿಡ ಬಾಡಿದ ಮೇಲೆ ಎಲೆಯ ಮೇಲೆ ಏನು ಹೊಡೆದರೂ ಅಷ್ಟೆ. ಇದು ನಮ್ಮ ಹಿರಿಯರಿಗೆ ಗೊತ್ತು, ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳಿಗೂ ಗೊತ್ತು. ಗೊತ್ತಿಲ್ಲದವರು ಫೋನಿನ ತಜ್ಞರು. ಆ ದಿನಗಳಲ್ಲಿ ಅವರು ‘ಇದನ್ನು ಹೊಡೆಯಿರಿ, ಅದನ್ನು ಹೊಡೆಯಿರಿ’ ಎಂದು ಹೇಳಿದ್ದೇ ಹೇಳಿದ್ದು. ನೆಟೆಗೂ ಗೊಡ್ಡು ರೋಗಕ್ಕೂ ಫರಕು ತಿಳಿಯದೆ ಮಾತಾಡಿದವರಿದ್ದರು. ಗೊಡ್ಡು ಬಂದ ಗಿಡ ಸಾಯುವುದಿಲ್ಲ, ಹಸಿರಾಗಿಯೇ ನಿಲ್ಲುತ್ತದೆ, ಹೂ ಬಿಡುವುದಿಲ್ಲ. ಅದನ್ನು ಹರಡುವುದು ಕಣ್ಣಿಗೆ ಕಾಣದ ನುಸಿ. ಎರಡನ್ನೂ ಒಂದು ಮಾಡಿ ಎರಡಕ್ಕೂ ಒಂದೇ ಬಾಟಲಿ ತೋರಿಸಿದವನ ಮಾತು ಕೇಳಿ ಸಾಲ ತಂದು ಹೊಡೆದವರು ನಮ್ಮ ನಡುವೆ ಇದ್ದಾರೆ. ಗಿಡ ಹೋಯಿತು, ಸಾಲ ಉಳಿಯಿತು, ತಜ್ಞ ಮಾರನೆಯ ವಾರ ಹತ್ತಿಯ ಬಗ್ಗೆ ಮಾತಾಡಲು ಹೊರಟ.

ಅಂಥದೊಂದು ವಿಡಿಯೋವನ್ನು ಕೇರಿಯ ಕಟ್ಟೆಯ ಮೇಲೆ ಹುಡುಗರು ತೋರಿಸಿದಾಗ, ಓದು ಬರಹ ಬಾರದ, ನಲವತ್ತು ವರ್ಷ ಪರರ ಹೊಲದಲ್ಲಿ ಕಸ ತೆಗೆದ ಒಬ್ಬ ಅವ್ವ ಒಂದೇ ನೋಟಕ್ಕೆ ಹೇಳಿದ್ದು ಹೀಗೆ: “ಯಪ್ಪಾ, ಅಂವ ನಿಂತ ಹೊಲ ನೋಡು, ಕೆಂಪ್ ಮಣ್ಣದ. ನಮ್ದು ಯರಿ. ಮಳಿಯಾದ ಮ್ಯಾಲ ಯರಿ ಹೊಲದಾಗ ಕಾಲಿಟ್ರ ಚಪ್ಪಲಿ ಅಲ್ಲೇ ಬಿಟ್ಟು ಬರಬೇಕಾಗ್ತದ. ಅಂವನ ಬೂಟಿಗಿ ಒಂದ್ ಹನಿ ರಾಡಿ ಸೈತ ಹತ್ತಿಲ್ಲ.” ಹುಡುಗರು ನಕ್ಕರು. ಆದರೆ ಇದು ನಗುವ ಮಾತಲ್ಲ, ವಿಮರ್ಶೆ. ಹೇಳಿದವ ಎಲ್ಲಿ ನಿಂತು ಹೇಳಿದ, ಅವನ ಕಾಲ ಕೆಳಗಿನ ಮಣ್ಣು ಯಾವುದು ಎಂದು ಮೊದಲು ನೋಡುವ ವಿಮರ್ಶೆ. ನಮ್ಮ ಸಾಹಿತ್ಯ ವಿಮರ್ಶಕರಲ್ಲಿ ಎಷ್ಟು ಜನಕ್ಕೆ ಈ ಕಣ್ಣಿದೆ?

ಇಲ್ಲಿಗೆ ನಿಲ್ಲಿಸಿದರೆ ಮಾತು ಸುಲಭವಾಗುತ್ತದೆ. ತಜ್ಞ ಸುಳ್ಳ, ಅವ್ವ ಖರೇ ಎಂದು ಹೇಳಿ ಚಪ್ಪಾಳೆ ಹೊಡೆಸಿಕೊಳ್ಳಬಹುದು. ಆದರೆ ಖರೇ ಮಾತೂ ಪೊಳ್ಳಾಗುವುದುಂಟು. ‘ಒಂದೇ ಹೊಲಕ್ಕೆ ವರ್ಷ ವರ್ಷ ತೊಗರಿ ಬಿತ್ತಬೇಡಿ, ನಡುವೆ ಜೋಳ ಹಾಕಿ, ನೆಟೆ ಕಡಿಮೆಯಾಗುತ್ತದೆ’ ಎಂಬ ಸಲಹೆ ಸರಿಯಾದದ್ದೇ. ವಿಜ್ಞಾನ ಒಪ್ಪಿದ ಮಾತು, ಅಜ್ಜಂದಿರು ಮಾಡುತ್ತಿದ್ದ ಕೆಲಸ. ಆದರೆ ಯಾರಿಗೆ ಹೇಳುತ್ತಿದ್ದೀರಿ? ಪಾಲಿಗೆ ಹೊಲ ಮಾಡುವ ನಮ್ಮವನನ್ನು ಕೇಳಿ: “ಗೌಡ್ರು ಜೋಳ ಬ್ಯಾಡಂತಾರ್ರಿ. ತೊಗರಿನೇ ಹಾಕು, ಇಲ್ಲಂದ್ರ ಹೊಲ ಬಿಡು ಅಂತಾರ.” ಯಾವ ಬೆಳೆ ಎಂದು ನಿರ್ಧರಿಸುವ ಹಕ್ಕು ಇಲ್ಲದವನಿಗೆ ಬೆಳೆ ಬದಲಾವಣೆಯ ಪಾಠ ಹೇಳುವುದು ಹಸಿದವನಿಗೆ ಪಥ್ಯ ಹೇಳಿದಂತೆ. 2023ರ ಜನವರಿಯಲ್ಲಿ ಸರ್ಕಾರ ನೆಟೆಗೆ ತುತ್ತಾದ ತೊಗರಿಗೆ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಸಾರಿತು. ಹೆಕ್ಟೇರು ಎಂದರೆ ಹತ್ತಿರ ಹತ್ತಿರ ಎರಡೂವರೆ ಎಕರೆ. ಈ ದುಡ್ಡಿಗೆ ಕಣ್ಣಿರುವುದು ಪಹಣಿಯ ಮೇಲೆ, ಬೆವರಿನ ಮೇಲಲ್ಲ. ಪಹಣಿಯಲ್ಲಿ ಯಾರ ಹೆಸರಿದೆಯೋ ಅವರ ಖಾತೆಗೆ ಹೋಗುತ್ತದೆ. ಪಾಲಿನವನಿಗೆ ಸಿಗುವುದು ಗೌಡರ ಮನಸ್ಸು ಬಂದರೆ. ಈ ಒಂದು ಸಂಗತಿಯನ್ನು ಯಾವ ಕೃಷಿ ಚಿಂತಕ ತನ್ನ ಹತ್ತು ನಿಮಿಷದಲ್ಲಿ ಅರ್ಧ ನಿಮಿಷವಾದರೂ ಹೇಳಿದ? ಭೂಮಿಯ ಪ್ರಶ್ನೆಯನ್ನು ಮುಚ್ಚಿಟ್ಟು ಬೆಳೆಯ ಪ್ರಶ್ನೆಯನ್ನು ಮಾತ್ರ ಎತ್ತುವುದು ಆಕಸ್ಮಿಕವಲ್ಲ.

ವಿಜ್ಞಾನವನ್ನು ನಾವು ತಳ್ಳುತ್ತಿಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ, ಯಾಕೆಂದರೆ ನಮ್ಮಲ್ಲೂ ಕೆಲವರು ಅನುಭವದ ಹೆಸರಿನಲ್ಲಿ ಓದನ್ನೇ ಬೈಯುತ್ತಾರೆ. 1980ರ ದಶಕದಲ್ಲಿ ನೆಟೆ ತಡೆಯುವ ತಳಿಯಾಗಿ ಮಾರುತಿ ತೊಗರಿ ನಮ್ಮ ಕಡೆಗೆ ಬಂತು. ನೆಟೆ ತಡೆಯುವ ತಳಿಯನ್ನು ಆರಿಸುವ ಕ್ರಮ ತಿಳಿದರೆ ಆ ಕೆಲಸಕ್ಕೆ ಗೌರವ ಹುಟ್ಟುತ್ತದೆ. ಹೈದರಾಬಾದಿನ ಹತ್ತಿರ ಪಟಾಂಚೆರುವಿನಲ್ಲಿ ವಿಜ್ಞಾನಿಗಳು ರೋಗದ ಮಡಿಗಳನ್ನು ಮಾಡುತ್ತಾರೆ. ಅಂದರೆ ಬೇಕೆಂದೇ ನೆಟೆ ತುಂಬಿದ ಮಣ್ಣನ್ನು ಕಾಪಾಡಿ, ಅದರಲ್ಲೇ ನೂರಾರು ತಳಿ ಬಿತ್ತಿ, ಸತ್ತದ್ದನ್ನು ಬಿಟ್ಟು ಉಳಿದದ್ದನ್ನು ಆರಿಸುತ್ತಾರೆ. ಒಂದು ಸಲ ಅಲ್ಲ, ಸಾಲು ಸಾಲು ಹಂಗಾಮು. ನಾವು ಕೇಳುವುದೂ ಇಷ್ಟೆ: ಮಾತನ್ನೂ ಹೀಗೆ ರೋಗದ ಮಣ್ಣಿನಲ್ಲಿ ಬಿತ್ತಿ ನೋಡಿದ್ದೀರಾ? ಹವಾನಿಯಂತ್ರಿತ ಕೋಣೆಯ ಕುಂಡದಲ್ಲಿ ಎಲ್ಲ ಬೀಜವೂ ಮೊಳೆಯುತ್ತದೆ. ಬಿಸಿಲಿನ ಅಫಜಲಪುರದಲ್ಲಿ, ಸಾಲಗಾರ ಬಾಗಿಲಲ್ಲಿ ನಿಂತಿರುವಾಗ, ನಿಮ್ಮ ಮಾತು ಬದುಕುತ್ತದೆಯೆ?

ಆಳಂದದ ಮತದಾರರ ಪಟ್ಟಿಯ ಕತೆಯನ್ನು ನಮ್ಮ ಶಾಲಾ ಮಾಸ್ತರರು ಬಾಯಿಪಾಠ ಮಾಡಿಕೊಳ್ಳಬೇಕು. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಆ ಕ್ಷೇತ್ರದಲ್ಲಿ ಹೆಸರು ತೆಗೆದುಹಾಕಿ ಎಂದು ಕೋರುವ 7ನೇ ನಮೂನೆಯ ಅರ್ಜಿಗಳು ಆನ್‌ಲೈನಿನಲ್ಲಿ 6,018 ಬಂದವು. ಪರಿಶೀಲಿಸಿದಾಗ ಸರಿಯಾದವು ಎಂದು ಸಿಕ್ಕದ್ದು 24. ಉಳಿದ 5,994 ತಿರಸ್ಕೃತವಾದವು. 2023ರ ಫೆಬ್ರವರಿಯಲ್ಲಿ ಪೊಲೀಸ್ ಪ್ರಕರಣವೂ ದಾಖಲಾಯಿತು. ಪತ್ರಿಕೆಗಳಲ್ಲಿ ಬಂದಂತೆ, ಇದು ಬಯಲಿಗೆ ಬಿದ್ದದ್ದು ಒಬ್ಬ ಬೂತ್ ಮಟ್ಟದ ಅಧಿಕಾರಿಯ ಕಣ್ಣಿಗೆ ತನ್ನ ಸಂಬಂಧಿಕರ ಹೆಸರೇ ಆ ಅರ್ಜಿಗಳಲ್ಲಿ ಬಿದ್ದಾಗ. ಅರ್ಜಿ ಹಾಕಿದವರೆಂದು ಹೆಸರಿದ್ದವರು ಊರಿನವರೇ. ಕೇಳಿದರೆ ಅವರಿಗೆ ಅದರ ಗಾಳಿಯೂ ಗೊತ್ತಿಲ್ಲ! ಯಂತ್ರಕ್ಕೆ ಅರ್ಜಿ ಸರಿಯಾಗಿತ್ತು, ಹೆಸರಿತ್ತು, ನಂಬರಿತ್ತು. ಅರ್ಜಿ ಸುಳ್ಳೆಂದು ತಿಳಿದದ್ದು ಆ ಮನೆ, ಆ ಓಣಿ, ಆ ಮನುಷ್ಯ ಗೊತ್ತಿದ್ದವರಿಗೆ. ಇಂಥ ಅಧಿಕಾರಿಗಳು ಯಾರು? ಬಹಳಷ್ಟು ಕಡೆ ನಿಮ್ಮಂಥ ಮಾಸ್ತರರು, ಅಂಗನವಾಡಿಯ ಅಕ್ಕಂದಿರು.

2025ರ ಸೆಪ್ಟೆಂಬರಿನಲ್ಲಿ ಈ ಸಂಗತಿ ದೆಹಲಿಯಲ್ಲಿ ಸದ್ದು ಮಾಡಿತು, ರಾಜ್ಯ ಸರ್ಕಾರ ವಿಶೇಷ ತನಿಖಾ ದಳ ನೇಮಿಸಿತು. ಯಾರು ತಪ್ಪಿತಸ್ಥರು ಎಂಬುದನ್ನು ಹೇಳಬೇಕಾದದ್ದು ನ್ಯಾಯಾಲಯ. ಆದರೆ ಆ ವಾರ ಎದ್ದ ತಜ್ಞರ ಹಿಂಡನ್ನು ನೋಡಬೇಕಿತ್ತು. ಆಳಂದ ಎಂಬ ಹೆಸರನ್ನು ಬಾಯಲ್ಲಿ ನೆಟ್ಟಗೆ ಹಿಡಿಯಲು ಬಾರದವರು ಅದರ ಜಾತಿ ಲೆಕ್ಕ ಹೇಳಿದರು. ಒಬ್ಬರು ಎಲ್ಲವೂ ಕಳವು ಎಂದರು, ಇನ್ನೊಬ್ಬರು ಏನೂ ಆಗಿಯೇ ಇಲ್ಲ ಎಂದರು. ಇಬ್ಬರಿಗೂ 7ನೇ ನಮೂನೆ ಎಂದರೆ ಏನೆಂದು ಗೊತ್ತಿದ್ದಂತೆ ಕಾಣಲಿಲ್ಲ. ಕಾಗದ ಹಿಡಿದು ಬಿಸಿಲಲ್ಲಿ ಮನೆ ಮನೆಯ ಕದ ತಟ್ಟಿದವರನ್ನು ಕರೆದು ‘ನೀವು ಏನು ಕಂಡಿರಿ’ ಎಂದು ಕೇಳುವ ಸೌಜನ್ಯ ಆ ಗದ್ದಲದಲ್ಲಿ ಎಷ್ಟು ಜನಕ್ಕಿತ್ತು?

ಇನ್ನೊಂದು ಬಗೆಯ ತಜ್ಞರಿದ್ದಾರೆ, ಯಂತ್ರವನ್ನೇ ದೇವರು ಮಾಡಿಕೊಂಡವರು. 2023ರ ಜನವರಿ 1ರಿಂದ ಉದ್ಯೋಗ ಖಾತ್ರಿಯ ಕೆಲಸದ ಜಾಗದಲ್ಲಿ ದಿನಕ್ಕೆ ಎರಡು ಸಲ ಫೋಟೋ ಹೊಡೆದು ಹಾಜರಿ ಹಾಕುವುದು ಕಡ್ಡಾಯವಾದಾಗ ‘ಪಾರದರ್ಶಕತೆ’ ಎಂದು ಕುಣಿದರು. ನೆಟ್‌ವರ್ಕು ಸಿಗದ ಹಳ್ಳದ ಬದುವಿನಲ್ಲಿ ಫೋನು ಎತ್ತಿ ಹಿಡಿದು ನಿಲ್ಲುವ ಮೇಟಿಯನ್ನು ಇವರು ಕಂಡಿಲ್ಲ. ಮಣ್ಣು ಅಗೆದದ್ದು ಕಣ್ಣಿಗೆ ಕಾಣುತ್ತದೆ, ಗುಂಡಿ ಅಲ್ಲೇ ಇದೆ. ಫೋಟೋ ಹೋಗಲಿಲ್ಲ, ಆದ್ದರಿಂದ ಕೂಲಿ ಇಲ್ಲ. 2024-25ರಲ್ಲಿ ಕರ್ನಾಟಕಕ್ಕೆ ಗೊತ್ತುಮಾಡಿದ್ದ ಆ ಕೂಲಿ ದಿನಕ್ಕೆ 349 ರೂಪಾಯಿ. ಒಂದು ಫೋಟೋದ ಬೆಲೆ ಅಷ್ಟು.

2020ರ ಅಕ್ಟೋಬರಿನ ಭೀಮಾ ಹೊಳೆಯ ಪ್ರವಾಹದಲ್ಲೂ ಇದೇ ಆಟ. ಮಳೆ ಮಹಾರಾಷ್ಟ್ರದಲ್ಲಿ, ನೀರು ಬಿಟ್ಟದ್ದು ಉಜನಿಯಿಂದ, ಸೊನ್ನ ಬ್ಯಾರೇಜು ದಾಟಿ ಮುಳುಗಿದ್ದು ಅಫಜಲಪುರ, ಜೇವರ್ಗಿಯ ಊರುಗಳು. ‘ಹೊಳೆ ದಂಡೆಯಲ್ಲಿ ಯಾಕೆ ಮನೆ ಕಟ್ಟುತ್ತಾರೆ ಈ ಜನ?’ ಎಂದು ಕೇಳಿದರು ಬುದ್ಧಿವಂತರು. ಕೇರಿ ಯಾಕೆ ತಗ್ಗಿನಲ್ಲಿದೆ ಎಂಬುದನ್ನು ಆ ಬುದ್ಧಿವಂತರ ಅಜ್ಜಂದಿರನ್ನೇ ಕೇಳಬೇಕಾಗಿತ್ತು. ಊರಿಗೆ ಎತ್ತರದ ಜಾಗ, ಕೇರಿಗೆ ಉಳಿದ ಜಾಗ. ಇದು ನಾವು ಆರಿಸಿಕೊಂಡದ್ದಲ್ಲ.

ಈಗ ನಮ್ಮ ಕಸುಬಿನ ಮಾತು, ಅಂದರೆ ಸಾಹಿತ್ಯದ ಮಾತು.

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಬಂದವರ ಹೆಸರಿನ ಮುಂದೆ ಏನಿತ್ತು ನೋಡಿ: ಮಾದಾರ ಧೂಳಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ. ಕೈಗೆ ಏನು ಅಂಟಿಕೊಂಡಿತ್ತೋ ಅದೇ ಹೆಸರಿಗೂ ಅಂಟಿಕೊಂಡಿತ್ತು. ಮಾತು ಸುಳ್ಳಾದರೆ ಕೇಳಲು ಅವರ ಅಂಗಡಿ, ಅವರ ದೋಣಿ, ಅವರ ಹಗ್ಗ ಎಲ್ಲರಿಗೂ ಗೊತ್ತಿರುವ ಜಾಗದಲ್ಲಿತ್ತು. ಇವತ್ತಿನ ಫೇಸ್‌ಬುಕ್ಕಿನ ಹೆಸರುಗಳ ಕೆಳಗೆ ಏನಿದೆ? ಚಿಂತಕ. ವಾಗ್ಮಿ. ಪ್ರೇರಕ ಭಾಷಣಕಾರ. ಚಿಂತನೆಯನ್ನು ಕಸುಬು ಮಾಡಿಕೊಂಡ ಮೇಲೆ ಚಿಂತೆ ಯಾರದು? ನಮ್ಮ ಕಡಕೋಳ ಮಡಿವಾಳಪ್ಪನವರು ಅಫಜಲಪುರ ತಾಲೂಕಿನ ಬಿದನೂರಿನಲ್ಲಿ ಹುಟ್ಟಿ, ಹಳೆಯ ಜೇವರ್ಗಿ ತಾಲೂಕಿನ ಕಡಕೋಳದಲ್ಲಿ ನೆಲೆ ನಿಂತವರು. ಚೆನ್ನೂರ ಜಲಾಲಸಾಹೇಬರಂಥ ಸಾಬರೂ ಅವರ ಶಿಷ್ಯರಾದರು. ಆ ತತ್ವಪದಗಳನ್ನು ಉಳಿಸಿದವರು ಓದಿದವರಲ್ಲ. ಏಕತಾರಿ ಹಿಡಿದು ರಾತ್ರಿಯೆಲ್ಲ ಕುಳಿತ ಒಕ್ಕಲಿಗರು, ಕೂಲಿಗಳು. ಭಜನೆಯ ಮನೆಯಲ್ಲಿ ಪದ ಹಾಡಿದವನಿಗೆ ಎದುರು ಕುಳಿತವ ಅರ್ಥ ಕೇಳುತ್ತಿದ್ದ. ಹೇಳಲು ಬಾರದಿದ್ದರೆ ಏಕತಾರಿ ಕೆಳಗಿಡಬೇಕಾಗುತ್ತಿತ್ತು. ಫೋನಿನ ಪಂಡಿತನಿಗೆ ಹಾಗೆ ಅರ್ಥ ಕೇಳಿ ನೋಡಿ, ನಿಮ್ಮನ್ನು ಬ್ಲಾಕ್ ಮಾಡುತ್ತಾನೆ.

ಗೀತಾ ನಾಗಭೂಷಣ ಅವರು 2020ರಲ್ಲಿ ತೀರಿಕೊಂಡಾಗ, ಅದಕ್ಕೂ ಮೊದಲು 2019ರಲ್ಲಿ ಚೆನ್ನಣ್ಣ ವಾಲೀಕಾರರು ಹೋದಾಗ, ಫೋನಿನ ತುಂಬ ಹೂಮಾಲೆ. ‘ಕಲ್ಯಾಣ ಕರ್ನಾಟಕದ ದನಿ ಅಡಗಿತು.’ ಒಳ್ಳೆಯದು. ಆದರೆ ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು ಎಂಬ ಒಂದು ಸಾಲನ್ನು ಎಲ್ಲರೂ ಎಲ್ಲರಿಂದ ಎತ್ತಿ ಹಾಕಿಕೊಂಡರೇ ಹೊರತು, ಆ ಕಾದಂಬರಿಯ ಕೂಲಿ ಹೆಣ್ಣುಮಕ್ಕಳು ಹೇಗೆ ಮಾತಾಡುತ್ತಾರೆ, ಆ ಮಾತಿಗೆ ಯಾಕೆ ಅಷ್ಟು ಕಸುವು ಎಂದು ಬರೆದವರನ್ನು ಬೆರಳ ಮೇಲೆ ಎಣಿಸಬಹುದು. ಗೀತಕ್ಕ ಕಲಬುರಗಿಯ ಆಡುಮಾತನ್ನು ಅಲಂಕಾರಕ್ಕೆ ತಂದವರಲ್ಲ. ಆ ಹೆಣ್ಣುಮಕ್ಕಳು ಬೇರೆ ಭಾಷೆಯಲ್ಲಿ ಬೈಯಲಾರರು, ಅಳಲಾರರು. ಅದಕ್ಕೇ ಆ ಭಾಷೆ. ಈಗ ‘ನಮ್ಮ ಕಡಿ ಭಾಷಾ’ ಎಂದು ನಗಿಸುವ ರೀಲುಗಳು ಬರುತ್ತವೆ. ಅವುಗಳಲ್ಲಿ ಹಳ್ಳಿಯ ಹೆಂಗಸು ಬರೀ ಬೈಯುತ್ತಾಳೆ, ಯಾಕೆ ಬೈಯುತ್ತಾಳೆ ಎಂಬುದು ಇರುವುದಿಲ್ಲ. ಸೆಗಣಿ ಬಾಚದ ಕೈ ಸೆಗಣಿಯ ಮೇಲೆ ಕವಿತೆ ಬರೆಯಬಾರದೆಂದು ನಾವು ಹೇಳುವುದಿಲ್ಲ. ಬರೆಯಲಿ. ಆದರೆ ವಾಸನೆ ಬರದಿದ್ದರೆ ಅದು ಕವಿತೆಯಲ್ಲ ಎಂದು ಹೇಳುವ ಹಕ್ಕು ಬಾಚಿದವಳಿಗೆ ಇರಬೇಕು.

1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದದ್ದಕ್ಕೆ ಮಂತ್ರಿ ಪದವಿ ಕಳೆದುಕೊಂಡರು, ನಮ್ಮ ಹುಡುಗರು ಹಾಸ್ಟೆಲುಗಳಲ್ಲಿ ಪೆಟ್ಟು ತಿಂದರು. ಇವತ್ತಿನ ಫೋನಿನ ಸರಕಿಗೆ ಆ ಮಾತನ್ನು ಬಳಸಲು ನಮಗೆ ಮನಸ್ಸಿಲ್ಲ. ಬೂಸಾವನ್ನು ದನವಾದರೂ ತಿನ್ನುತ್ತದೆ.

ಹಾಗಾದರೆ ಅನುಭವ ಇದ್ದವನ ಮಾತೆಲ್ಲ ನಿಜವೆ? ಇಲ್ಲಿ ಎಚ್ಚರ ಬೇಕು. ಗೌಡನಿಗೂ ಅನುಭವವಿದೆ. ಐವತ್ತು ವರ್ಷ ಆಳುಗಳನ್ನು ದುಡಿಸಿದ ಅನುಭವ. ‘ಈ ಜನಕ್ಕೆ ದುಡ್ಡು ಕೊಟ್ಟರೆ ಕುಡಿದು ಹಾಳುಮಾಡುತ್ತಾರೆ, ನಾನು ಕಂಡಿದ್ದೇನೆ’ ಎಂದು ಅವನೂ ಹೇಳುತ್ತಾನೆ, ಕಂಡದ್ದನ್ನೇ ಹೇಳುತ್ತಾನೆ. ಅಂಗಳದಲ್ಲಿ ನಿಂತು ಕಂಡದ್ದು. ಒಲೆಯ ಮುಂದೆ ಕುಳಿತು ಕಂಡದ್ದಲ್ಲ. ನಮ್ಮ ಮನೆಗಳಲ್ಲಿ ಹೆಂಡತಿಗೆ ಹೊಡೆಯುವ ಗಂಡನಿಗೂ ಸಂಸಾರದ ಅನುಭವ ಇದ್ದೇ ಇದೆ. ಅವನನ್ನು ಸಂಸಾರದ ತಜ್ಞ ಎನ್ನೋಣವೆ? ಆದ್ದರಿಂದ ಅನುಭವ ಎಂಬ ಪದವನ್ನು ಕಂಡಲ್ಲೆಲ್ಲ ಕೈ ಮುಗಿಯಬೇಕಾಗಿಲ್ಲ. ಆ ಅನುಭವದಲ್ಲಿ ಪೆಟ್ಟು ಕೊಟ್ಟವರು ಯಾರು, ತಿಂದವರು ಯಾರು ಎಂದು ಕೇಳಬೇಕು. ಮಾತು ಸುಳ್ಳಾದ ದಿನ ಯಾರ ಗಂಟಲಿಗೆ ಬಂತು ಎಂದು ಕೇಳಬೇಕು. ಹದಿನೈದು ವರ್ಷ ಜೀಪಿನಲ್ಲಿ ಬಂದು ಫೋಟೋ ತೆಗೆಸಿಕೊಂಡು ಹೋಗುವುದೂ ಈಗ ‘ಕ್ಷೇತ್ರಾನುಭವ’ ಎಂಬ ಹೆಸರಿನಲ್ಲಿ ಚಲಾವಣೆಯಾಗುತ್ತಿದೆ!

ಮತ್ತು ನಮ್ಮ ಹುಡುಗರ ಮಾತು. ಇದನ್ನು ಹೊರಗಿನವರು ಹೇಳುವ ಮುಂಚೆ ನಾವೇ ಹೇಳಬೇಕು. ಏಪ್ರಿಲ್ 14ಕ್ಕೆ ಡಿಜೆ ಕಟ್ಟಿ ಬಾಬಾಸಾಹೇಬರ ಫೋಟೋಕ್ಕೆ ಲಕ್ಷ ಲೈಕು ತರುವ ಕೆಲವು ಗೆಳೆಯರು, ಊರಲ್ಲಿ ಜಾತಿ ಹೆಸರು ಹಿಡಿದು ಬೈದು ಹೊಡೆದ ರಾತ್ರಿ ಠಾಣೆಯ ಮೆಟ್ಟಿಲ ಮೇಲೆ ಕಾಣುವುದಿಲ್ಲ. ಮಾರನೆಯ ದಿನ ಅವರ ಉದ್ದನೆಯ ಬರಹ ಕಾಣುತ್ತದೆ. ಬರಹದಲ್ಲಿ ಮನುವಾದ, ಬ್ರಾಹ್ಮಣಶಾಹಿ ಎಲ್ಲ ಇರುತ್ತದೆ. ಇರಬೇಕಾದದ್ದೇ. ಆದರೆ ಪೆಟ್ಟು ತಿಂದವನಿಗೆ ಆ ರಾತ್ರಿ ಬೇಕಾದದ್ದು ಬೇರೆ: ದೂರು ಬರೆದುಕೊಳ್ಳುವಾಗ ಜಾತಿ ಹೆಸರಿಡಿದು ಬೈದ ಮಾತನ್ನು ಬಿಡದೆ ಬರೆಸುವ ಒಬ್ಬ, ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕೆಂದು ಗೊತ್ತಿರುವ ಒಬ್ಬ, 1989ರ ದೌರ್ಜನ್ಯ ತಡೆ ಕಾಯ್ದೆಯ ಪ್ರಕರಣದ ತನಿಖೆ ಡಿವೈಎಸ್‌ಪಿ ದರ್ಜೆಗೆ ಕಡಿಮೆಯವರು ಮಾಡಬಾರದು, 60 ದಿನದಲ್ಲಿ ಮುಗಿಯಬೇಕು ಎಂದು ನೆನಪಿಸುವ ಒಬ್ಬ, ದವಾಖಾನೆಯ ಗಾಯದ ಚೀಟಿ ಜೋಪಾನ ಮಾಡುವ ಒಬ್ಬ. ಆಮೇಲೆ ರಾಜಿಯ ಒತ್ತಡ ಬಂದಾಗ, ಕೂಲಿ ನಿಲ್ಲಿಸಿದಾಗ, ಕಿರಾಣಿ ಅಂಗಡಿಯವ ಉದ್ದರಿ ಬಂದ್ ಮಾಡಿದಾಗ, ಆ ಮನೆಗೆ ನಾಲ್ಕು ಸೇರು ಜೋಳ ಮುಟ್ಟಿಸುವವರು. ಈ ಕೆಲಸ ಮಾಡುವ ಹುಡುಗರು ನಮ್ಮ ಮೂರೂ ತಾಲೂಕುಗಳಲ್ಲಿದ್ದಾರೆ. ಅವರಿಗೆ ಬರೆಯಲು ಪುರುಸೊತ್ತಿಲ್ಲ, ಹೀಗಾಗಿ ಅವರ ಹೆಸರು ಯಾರಿಗೂ ಗೊತ್ತಿಲ್ಲ.

1986ರಲ್ಲಿ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆಯನ್ನು ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರು ಮೈಮೇಲಿನ ಬಟ್ಟೆ ಹರಿಸಿಕೊಂಡು ಪೆಟ್ಟು ತಿಂದು ಬಂದರು. ಅವರಲ್ಲಿ ಭಾಷಣ ಬರುವವರೂ ಇದ್ದರು, ಬಾರದವರೂ ಇದ್ದರು. ಆ ಕಾಲದ ಹಾಡುಗಳು ಇವತ್ತಿಗೂ ಜಾಥಾಗಳಲ್ಲಿ ಓದು ಬಾರದವರ ಬಾಯಲ್ಲಿ ಉಳಿದಿರುವುದಕ್ಕೆ ಬರೀ ಪ್ರಾಸ ಕಾರಣವಲ್ಲ. ಕಟ್ಟಿದವರು ಹಾಡುವವರ ಜೊತೆಗೇ ನಡೆಯುತ್ತಿದ್ದರು. ದಾರಿಯಲ್ಲಿ ಯಾವ ಸಾಲು ಬಾಯಿಗೆ ಹತ್ತಲಿಲ್ಲವೋ ಅದು ಅಲ್ಲೇ ಉದುರಿ ಹೋಗುತ್ತಿತ್ತು.

ಕಡೆಗೆ ಒಂದು ಕೇಳಿಕೆ ಉಳಿದಿದೆ, ಹೆಚ್ಚಾಗಿ ಹಳ್ಳಿಯ ಮಾಸ್ತರರಿಗೆ. ಮತದಾರರ ಪಟ್ಟಿ ಹಿಡಿದು ಮನೆ ಮನೆ ತಿರುಗಿದ ದಿನಗಳಲ್ಲಿ ನೀವು ಕಂಡದ್ದನ್ನು, ನೆಟೆ ಬಂದ ವರ್ಷ ನಿಮ್ಮ ಶಾಲೆಯಿಂದ ಎಷ್ಟು ಮಕ್ಕಳು ತಾಯಿತಂದೆಯ ಹಿಂದೆ ಪುಣೆಯ ಕಡೆ ಹೋದರು, ಎಷ್ಟು ತಿರುಗಿ ಬಂದರು ಎಂಬುದನ್ನು, ಬರೆದು ಈ ಪತ್ರಿಕೆಗೆ ಕಳಿಸಿ. ನಾಲ್ಕು ಸಾಲಾದರೂ ಸಾಕು. ಕಾಗುಣಿತದ ಚಿಂತೆ ಬೇಡ. ಬರೆಯಲು ಬಾರದ ಅವ್ವಂದಿರ ಮಾತನ್ನು ಅವರ ಬಾಯಲ್ಲಿ ಬಂದ ಹಾಗೇ ಇಳಿಸಿ, ತಿದ್ದಬೇಡಿ. ವರ್ಗಾವಣೆಯ ಭಯ ಇರುವವರು ‘ಹೆಸರು ಬೇಡ’ ಎಂದು ಕಾಗದದ ಮೇಲ್ಗಡೆಯೇ ಬರೆದುಬಿಡಿ.